ಪ್ರೇಮಮ್ಮನವರ ಹೆಸರಿಟ್ಟ ಕಂಪ್ಯೂಟರ್

ಆ ವರ್ಷ ಪಡುಗಡಲು ಭವನದ ಸಾಂಬಾರ್ ಕೆಟ್ಟುಹೋದದ್ದಕ್ಕೆ ತೊಗರಿಬೇಳೆ ಕಾರಣವಲ್ಲ, ಹುಣಸೆಹಣ್ಣು ಕಾರಣವಲ್ಲ, ಪಾಪ ಅಡಿಗೆಭಟ್ಟರೂ ಕಾರಣವಲ್ಲ. ಕಾರಣ ಒಂದು ಸಾಫ್ಟ್‌ವೇರ್. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಂಬದವರ ಜೊತೆ ವಾದಕ್ಕೆ ಕೂರುವಷ್ಟು ತಾಳ್ಮೆಯನ್ನು ದೇವರು ನನಗೆ ಕೊಟ್ಟಿಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮ್ಮಿಷ್ಟ.

ನಾನು ರಂಜನಿ. ಪಡುಗಡಲು ಭವನ ಎಂಬ ಉಡುಪಿ ಹೋಟೆಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಎರಡು ಸಾವಿರದ ಮೂರರಲ್ಲಿ ಚೆನ್ನೈಯಲ್ಲಿ ಅದಕ್ಕೆ ಐದು ಶಾಖೆಗಳಿದ್ದವು. ಕೀಲ್ಪಾಕ್‌ನದ್ದು ಮುಖ್ಯ ಶಾಖೆ: ಕೆಳಗೆ ಹೋಟೆಲು, ಹಿಂದೆ ದೊಡ್ಡ ಅಡಿಗೆಮನೆ, ಮಹಡಿಯಲ್ಲಿ ಆಫೀಸು, ಅದರ ಮೇಲೆ ಮಾಲೀಕ ವಿಷ್ಣುಮೂರ್ತಿಯವರ ಮನೆ. ಐದೂ ಶಾಖೆಗಳ ಸಾಂಬಾರ್ ಕೀಲ್ಪಾಕ್‌ನಲ್ಲೇ ಕುದಿದು ವ್ಯಾನಿನಲ್ಲಿ ಹೋಗುತ್ತಿತ್ತು. ಹಾಗೆಯೇ ಐದೂ ಶಾಖೆಗಳ ಬಿಲ್ಲು, ಆರ್ಡರು ಎಲ್ಲ ನನ್ನ ಆಫೀಸಿನ ಮೂಲೆಯಲ್ಲಿದ್ದ ದೊಡ್ಡ ಕಂಪ್ಯೂಟರನ್ನು ಕೇಳಿಕೊಂಡೇ ನಡೆಯಬೇಕಿತ್ತು. ಓದಿದ್ದು ಕಂಪ್ಯೂಟರ್ ವಿಜ್ಞಾನವಾದರೂ ನನ್ನ ದುಪಟ್ಟಾಗಳೆಲ್ಲ ಇಂಗಿನ ವಾಸನೆ ಹೊಡೆಯುತ್ತಿದ್ದವು. ಹೆಣ್ಣು ನೋಡಲು ಬಂದವರು ಹುಡುಗಿ ಅಡಿಗೆಯಲ್ಲಿ ಜಾಣೆ ಎಂದು ಮೋಸ ಹೋಗುತ್ತಿದ್ದರು.

ಸಾಂಬಾರ್ ಹೊರಡುವ ಮೊದಲು ಒಂದು ಪದ್ಧತಿ ಇತ್ತು. ವಿಷ್ಣುಮೂರ್ತಿಯವರ ತಾಯಿ ಪ್ರೇಮಮ್ಮ, ಎಂಬತ್ತರ ಹತ್ತಿರದ ಹೆಂಗಸು, ಬೆಳಿಗ್ಗೆ ಮಡಿಸೀರೆಯಲ್ಲಿ ಕೆಳಗಿಳಿದು ಬಂದು ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು ನೆಕ್ಕಿ, ತಾವು ಹೋದಲ್ಲೆಲ್ಲ ಹಿಡಿದುಕೊಂಡು ಹೋಗುವ ಹಳೆಯ ಹಿತ್ತಾಳೆ ಗಿಂಡಿಯಿಂದ ನೀರು ಕುಡಿದು, "ಹೋಗ್ಲಿ" ಎನ್ನುತ್ತಿದ್ದರು. ಆಮೇಲೆಯೇ ವ್ಯಾನು ಹೊರಡುವುದು. ಅವರು "ಇಲ್ಲ" ಎಂದರೆ ಭಟ್ಟರು ಮತ್ತೆ ಒಲೆಯ ಮುಂದೆ ನಿಲ್ಲಬೇಕಿತ್ತು. ಆ ನಾಲಿಗೆಯ ಮೇಲೆ ಐದು ಹೋಟೆಲುಗಳು ನಿಂತಿದ್ದವು.

ಜಗಳ ಶುರುವಾದದ್ದು ಒಂದು ಕೊಪ್ಪರಿಗೆಯಿಂದ. ವಿಷ್ಣುಮೂರ್ತಿಯವರ ಹೆಂಡತಿ ಚಂದ್ರಮತಿಯವರಿಗೆ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಹುಚ್ಚು. ಅಂಗಡಿಯವನು ಕೊರೆದದ್ದು ಅಂದವಾಗಿಲ್ಲ ಎಂದು ಕೊರೆಯುವ ಮಿಷನ್ನನ್ನೇ ಮನೆಗೆ ತಂದಿಟ್ಟುಕೊಂಡಿದ್ದರು. ಲೋಟ, ಸೌಟು, ಅಡಕೆಕತ್ತರಿ, ಗ್ಯಾಸ್ ಲೈಟರ್, ಕೊನೆಗೆ ಟೀವಿಯ ಬೆನ್ನಿಗೂ "ವಿ.ಮೂ." ಎಂದು ಕೊರೆದಿದ್ದರು. ನವರಾತ್ರಿಗೆ ತಿಂಗಳಿರುವಾಗ ಬಂದ ಹೊಸ ಕೊಪ್ಪರಿಗೆಗೂ ಕಿರ್ರ್ ಎಂದು ಅದನ್ನೇ ಕೊರೆದರು. ಪ್ರೇಮಮ್ಮ ಕನ್ನಡಕ ಹಾಕಿಕೊಂಡು ಕೊಪ್ಪರಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಈ ಮನೆಯಲ್ಲಿ ನನ್ನ ಗಂಡನ ಹೆಸರಿನ ಪಾತ್ರೆ ಉಂಟು. ಮಗನ ಹೆಸರಿನದ್ದು ಉಂಟು. ಸತ್ತುಹೋದ ಅತ್ತಿಗೆಯ ಹೆಸರಿನ ಗಿಂಡಿ ಸಹ ಉಂಟು. ನನ್ನ ಹೆಸರಿನ ಒಂದು ಚಮಚ ಉಂಟಾ?"

ಚಂದ್ರಮತಿ ಮಿಷನ್ನನ್ನು ಸೆರಗಿನಡಿ ಮುಚ್ಚಿಕೊಂಡರು.

"ಹಾಗಾದ್ರೆ ಯಾರ ಹೆಸರು ಉಂಟೋ ಅವರೇ ರುಚಿ ನೋಡ್ಲಿ" ಎಂದು ಮೇಲೆ ಹತ್ತಿಹೋದರು.

ಮಾರನೇ ದಿನ ವಿಷ್ಣುಮೂರ್ತಿಯವರೇ ರುಚಿ ನೋಡಿದರು. ಅವರಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಅದೇ ಅವರ ದೋಷ. ವಾರ ಕಳೆಯುವುದರೊಳಗೆ ಕೋಯಂಬೇಡು ಬಸ್ ನಿಲ್ದಾಣದ ಪಕ್ಕದ ಶಾಖೆಯಿಂದ ಮ್ಯಾನೇಜರ್ ಹರಿದಾಸರ ಫೋನು ಬಂತು. ಸಾಂಬಾರನ್ನು ಒಬ್ಬ ಗಿರಾಕಿ ರಸಂ ಎಂದುಕೊಂಡು ಕುಡಿದು, ಆಮೇಲೆ ಸಾಂಬಾರ್ ಯಾವಾಗ ಬರುತ್ತದೆ ಎಂದು ಕೇಳಿದನಂತೆ.

ವಿಷ್ಣುಮೂರ್ತಿ ಹೆದರಿ ನೂರು ಲೋಟಗಳಿಗೆ "ಪ್ರೇಮಮ್ಮ" ಎಂದು ಕೊರೆಸಿ ತಾಯಿಯ ಮುಂದೆ ಜೋಡಿಸಿದರು.

"ನನ್ನ ಹೆಸರನ್ನು ಊರಿನವರೆಲ್ಲ ಎಂಜಲು ಮಾಡ್ಬೇಕಾ?" ಎಂದರು ಪ್ರೇಮಮ್ಮ.

ಆಗ ವಿಷ್ಣುಮೂರ್ತಿಯವರ ಕಣ್ಣು ಬಿದ್ದದ್ದು ನನ್ನ ಮೂಲೆಯ ದೊಡ್ಡ ಕಂಪ್ಯೂಟರಿನ ಮೇಲೆ. ಅದನ್ನು ಯಾರೂ ಎಂಜಲು ಮಾಡುವುದಿಲ್ಲ. ಐದೂ ಶಾಖೆಗಳು ಅದು ಹೇಳಿದ ಹಾಗೆ ಕೇಳುತ್ತವೆ. "ಅಮ್ಮನ ಹೆಸರಿಗೆ ಇದಕ್ಕಿಂತ ಒಪ್ಪುವ ಸಾಮಾನು ಬೇರೆ ಉಂಟಾ ಮಾರಾಯ್ತಿ?" ಎಂದು ನನ್ನನ್ನೇ ಕೇಳಿದರು.

ಹೆಸರಿಡುವುದು ಕಷ್ಟವೇನಲ್ಲ. ಎಲ್ಲ ಶಾಖೆಗಳ ಯಂತ್ರಗಳಲ್ಲಿ ಯಾವುದು ಎದ್ದಿದೆ, ಯಾವುದು ಮಲಗಿದೆ, ಯಾವ ಪ್ರಿಂಟರಿನಲ್ಲಿ ಕಾಗದ ಮುಗಿದಿದೆ ಎಂದು ಕೂತಲ್ಲಿಂದ ನೋಡಲು ಅಡಯಾರಿನ ಒಂದು ಸಣ್ಣ ಕಂಪನಿಯಿಂದ ಸಾಫ್ಟ್‌ವೇರ್ ಕೊಂಡಿದ್ದೆವು. ಪರದೆಯ ಮೇಲೆ ಒಂದೊಂದು ಯಂತ್ರಕ್ಕೂ ಒಂದೊಂದು ಚಿತ್ರ, ಕೆಳಗೆ ಅದರ ಹೆಸರು. ಐದೂ ಶಾಖೆಗಳ ಮ್ಯಾನೇಜರುಗಳಿಗೂ ಅದೇ ಪರದೆ ಕಾಣುತ್ತಿತ್ತು. ದೊಡ್ಡ ಯಂತ್ರದ ಕೆಳಗೆ "ಎಸ್‌ಆರ್‌ವಿ೭ಕೆ೦೦೯" ಎಂದಿತ್ತು. ಅದನ್ನು ಅಳಿಸಿ "ಪ್ರೇಮಮ್ಮ" ಎಂದು ಹಾಕಿದೆ. ಪ್ರೇಮಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ತೋರಿಸಿದೆವು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿಕೊಂಡರು. ನಗಲಿಲ್ಲ, ಆದರೆ ನೇರ ಕೆಳಗಿಳಿದು ಹೋಗಿ ಸಾಂಬಾರ್ ನೆಕ್ಕಿ, "ಹುಳಿ ಹೆಚ್ಚಾಯ್ತು" ಎಂದರು. ಭಟ್ಟರು ಖುಷಿಯಿಂದ ಅತ್ತೇಬಿಟ್ಟರು.

ಮಾರನೇ ಬೆಳಿಗ್ಗೆ ಗಿಂಡಿ ಹಿಡಿದು ಮೊದಲು ಆಫೀಸಿಗೇ ಬಂದರು. ಪರದೆ ನೋಡಿದರು.

"ರಂಜನಿ, ನನ್ನ ಹೆಸರಿನಲ್ಲಿ ಒಂಬತ್ತು ಎಲ್ಲಿಂದ ಬಂತು?"

ನಾನೂ ನೋಡಿದೆ. ಎಸ್‌ಆರ್‌ವಿ೭ಕೆ೦೦೯. ಪ್ರೇಮಮ್ಮ ಮಾಯ.

"ಅಡ ರಾಮಾ! ಅದು ನಾ ಮಾಡಿದ್ದಲ್ಲ ಅಜ್ಜಿ" ಎಂದೆ. ನಮ್ಮದು ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಇರುವ ಮನೆ, ನಮ್ಮ ಕನ್ನಡಕ್ಕೆ ಅರ್ಧ ತಮಿಳು ಬೆರೆತಿದೆ. ಗಾಬರಿಯಾದರೆ ಮುಕ್ಕಾಲು.

ಮತ್ತೆ ಹಾಕಿದೆ. ಮರುದಿನ ಮತ್ತೆ ಒಂಬತ್ತು. ಹೀಗೇ ನಡೆಯಿತು. ಅವರು ಬರುವ ಮೊದಲೇ ನಾನು ಹೆಸರು ಹಾಕಿಟ್ಟ ದಿನ ಸಾಂಬಾರ್ ಚೆನ್ನಾಗಿರುತ್ತಿತ್ತು, ಅವರ ಕಣ್ಣಿಗೆ ಒಂಬತ್ತು ಬಿದ್ದ ದಿನ ಕೆಡುತ್ತಿತ್ತು. ನಾನು ಓದಿದ ಯಾವ ಪಾಠದಲ್ಲೂ ಇದು ಬಂದಿರಲಿಲ್ಲ. ಕೂತು ಹುಡುಕಿದ ಮೇಲೆ ಸಂಗತಿ ಗೊತ್ತಾಯಿತು. ಸಾಫ್ಟ್‌ವೇರ್ ದಿನಾ ಬೆಳಿಗ್ಗೆ ಶಾಲೆಯಲ್ಲಿ ಮೇಷ್ಟರು ಕರೆದ ಹಾಗೆ ಹಾಜರಿ ಕರೆಯುತ್ತದೆ. ನಿನ್ನ ಹೆಸರೇನು ಎಂದು ಒಂದೊಂದು ಯಂತ್ರವನ್ನೂ ಕೇಳುತ್ತದೆ. ಯಂತ್ರ ತನ್ನ ಹುಟ್ಟುಹೆಸರು ಹೇಳುತ್ತದೆ. ತಕ್ಷಣ ಇದು ನಾನು ಬರೆದದ್ದನ್ನು ಅಳಿಸಿ ಅದನ್ನೇ ಬರೆಯುತ್ತದೆ.

ಪ್ರೇಮಮ್ಮನಿಗೆ ಹೇಳಿದೆ. ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ದಿನಾ ಕೇಳ್ತದಾ? ದಿನಾ ಅದೇ ಹೇಳ್ತದಾ?" ಎಂದು ಯಂತ್ರವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆಮೇಲೆ ನೆನಪಾದ ಹಾಗೆ, "ಅದೆಲ್ಲ ನಂಗೆ ಗೊತ್ತಿಲ್ಲ. ಹೆಸರು ನಿಲ್ಲುವವರೆಗೆ ಸಾಂಬಾರ್ ನೋಡುದಿಲ್ಲ" ಎಂದು ಹೊರಟರು.

"ಹಾಗಾದ್ರೆ ಯಂತ್ರದ ಹುಟ್ಟುಹೆಸರನ್ನೇ ಬದಲಾಯಿಸು" ಎಂದರು ವಿಷ್ಣುಮೂರ್ತಿ.

"ಬೇಡ ಸಾರ್. ಐದು ಬ್ರಾಂಚಿನ ಮಿಷನ್‌ಗಳೂ ಅದನ್ನ ಆ ಹೆಸರಿಂದಲೇ ಕರೀತವೆ. ಹೆಸರು ಬದಲಾದ್ರೆ ಒಂದಕ್ಕೂ ಇದು ಸಿಗಲ್ಲ" ಎಂದೆ.

"ನಿನಗೆ ಎಲ್ಲದಕ್ಕೂ ಹೆದರಿಕೆ ಮಾರಾಯ್ತಿ" ಎಂದರು. ಮಾಲೀಕರ ಮಾತು. ಬದಲಾಯಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಐದೂ ಶಾಖೆಗಳು ಕಣ್ಣು ಮುಚ್ಚಿದವು.

ಮೊದಲ ಫೋನು ಹರಿದಾಸರದ್ದು. "ಏನಮ್ಮಾ ಇದು, ಅಡಿಗೆಮನೆಗೆ ಆರ್ಡರ್ ಚೀಟಿ ಬರ್ತಾ ಇಲ್ಲ. ಇಲ್ಲಿನ ಭಟ್ಟರು ಎಲ್ಲರಿಗೂ ಇಡ್ಲಿ ಹಾಕ್ತಾ ಇದಾರೆ."

"ಇಡ್ಲಿ ಕೇಳದವರಿಗೂನಾ?"

"ಕಾಫಿ ಕೇಳಿದವರಿಗೂ!"

ಎಣ್ಣೂರಿನ ಶಾಖೆಯಲ್ಲಿ ಊಟಕ್ಕೆ ಬಂದಿದ್ದ ಇಂಜಿನಿಯರುಗಳ ಒಂದು ಗುಂಪು, ತಾವೇ ಸರಿ ಮಾಡುತ್ತೇವೆಂದು ಬಿಲ್ಲಿನ ಯಂತ್ರವನ್ನು ಬಿಚ್ಚಿತು. ಮುಚ್ಚುವಾಗ ಸ್ಕ್ರೂ ಉಳಿಯಿತು. ಅದನ್ನು ಬಾಳೆಎಲೆಯ ಚೂರಿನಲ್ಲಿ ಕಟ್ಟಿ ಸಾಂಬಾರಿನ ವ್ಯಾನಿನಲ್ಲಿ ನನಗೆ ಕಳಿಸಿಕೊಟ್ಟರು. ನಾನು ಹಲ್ಲು ಕಚ್ಚಿಕೊಂಡು ಹಳೇ ಹೆಸರನ್ನೇ ವಾಪಸ್ ಹಾಕಿದೆ. ವಿಷ್ಣುಮೂರ್ತಿ ಆ ಸಂಜೆ ನನ್ನ ಮುಖ ನೋಡಲಿಲ್ಲ.

ಇಷ್ಟರಲ್ಲಿ ಚಂದ್ರಮತಿಯವರಿಗೆ ಉಪಾಯ ಹೊಳೆಯಿತು. ಪಾತ್ರೆಗೆ ಮಾಡಿದ್ದನ್ನು ಕಂಪ್ಯೂಟರಿಗೂ ಮಾಡಿದರಾಯಿತಲ್ಲ? ನಾನು ಊಟಕ್ಕೆ ಇಳಿದಿದ್ದೆ. ಮೇಲಿನಿಂದ ಕಿರ್ರ್ ಎಂದು ಸದ್ದು ಕೇಳಿ, ತುತ್ತು ಎಲೆಯಲ್ಲೇ ಬಿಟ್ಟು ಓಡಿದೆ. ಚಂದ್ರಮತಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಓಡುತ್ತಿದ್ದ ಯಂತ್ರದ ಡಬ್ಬಿಯ ಮೇಲೆ ಹೆಸರು ಕೊರೆಯುತ್ತಿದ್ದರು.

"ಮಾಮೀ! ಅದು ಓಡ್ತಾ ಇದೆ! ನಿಲ್ಲಿಸಿ!"

"ಓಡ್ಲಿ ಬಿಡು, ನಾನೆಂತ ಅದರ ಕಾಲು ಹಿಡಿದಿದ್ದೇನಾ?"

ಅದು ಒಂದು ಸಲ ನಡುಗಿ ತಣ್ಣಗಾಯಿತು. ನಾನು ಅದನ್ನು ಬಿಚ್ಚಿ ಒರೆಸಿ ಮತ್ತೆ ಎಬ್ಬಿಸುವವರೆಗೆ ಐದು ಶಾಖೆಗಳಲ್ಲೂ ಇಡ್ಲಿ. ಕೊರೆದದ್ದು "ಪ್ರೇ" ಎಂಬಲ್ಲಿಗೇ ನಿಂತಿತ್ತು. ಪ್ರೇಮಮ್ಮ ಬಂದು ಸೆರಗಿನಿಂದ ಲೋಹದ ಪುಡಿ ಒರೆಸಿ, "ಹೊರಗೆ ಪ್ರೇ, ಒಳಗೆ ಒಂಬತ್ತು. ಚಂದ ಉಂಟು" ಎಂದರು.

ನಾನು ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಕೂಗಾಡಿದೆ. ಎರಡು ದಿನಕ್ಕೆ ಅಲ್ಲಿಂದ ಸುಘೋಷ ಎಂಬವನು ಬಂದ. ಟೈ ಕಟ್ಟಿದ್ದ. ಚೆನ್ನೈನ ಸೆಪ್ಟೆಂಬರಿನಲ್ಲಿ ಟೈ ಕಟ್ಟುವವನ ಬುದ್ಧಿಯ ಮೇಲೆ ನನಗೆ ಮೊದಲಿಂದಲೂ ಅನುಮಾನ. ಮಾತು ಶುರುವಾದ ಮೇಲೆ ಅವರದ್ದೂ ನಮ್ಮ ಹಾಗೇ ಹಳೇ ಮದ್ರಾಸಿನ ಮಾಧ್ವರ ಮನೆ ಎಂದು ಗೊತ್ತಾಯಿತು. ಅದರಿಂದ ನನ್ನ ಸಿಟ್ಟೇನೂ ಇಳಿಯಲಿಲ್ಲ.

"ಸಾಫ್ಟ್‌ವೇರ್ ಸರಿಯಾಗೇ ಇದೆ ರೀ" ಎಂದ. "ಮಿಷನ್ ತನ್ನ ಹೆಸರು ಹೇಳ್ತು, ನಾವು ಬರ್ಕೊಂಡ್ವಿ. ಅದಕ್ಕಿಂತ ನಿಜವಾದ ಹೆಸರು ಯಾವುದು?"

"ನಾವು ಕೊಟ್ಟಿದ್ದು! ದುಡ್ಡು ಕೊಟ್ಟು ತಂದು ಸಾಕ್ತಾ ಇರೋರು ನಾವು. ಮನೆಯವರು ಇಟ್ಟ ಹೆಸರನ್ನ ಅಳಿಸೋಕೆ ನೀವು ಯಾರು ಪಾ?"

"ಜನ ತಪ್ಪು ತಪ್ಪಾಗಿ ಹೆಸರು ಇಡ್ತಾರೆ ರೀ. ಮಿಷನ್ ಸುಳ್ಳು ಹೇಳಲ್ಲ."

ಆ ಹೊತ್ತಿಗೇ ಅವನ ಮೊಬೈಲ್ ಕೂಗಿತು. ಆಗಿನ ಮೊಬೈಲುಗಳಲ್ಲಿ ಕಿವಿಗಿಟ್ಟುಕೊಂಡರೂ ಮಾತು ಊರಿಗೆಲ್ಲ ಕೇಳುತ್ತಿತ್ತು. "ಗುಂಡಾ! ಮೊಸರನ್ನದ ಡಬ್ಬಿ ಬಿಟ್ಟು ಹೋದ್ಯಲ್ಲೋ ಗುಂಡಾ!" ಎಂಬ ಹೆಣ್ಣು ದನಿ ಆಫೀಸಿನ ಮೂಲೆಮೂಲೆಗೂ ಮುಟ್ಟಿತು.

ಬಾಗಿಲಲ್ಲಿ ಗಿಂಡಿ ಹಿಡಿದು ನಿಂತಿದ್ದ ಪ್ರೇಮಮ್ಮ ಒಳಗೆ ಬಂದರು. "ಅದು ಯಾರು ಮಗಾ, ಅಮ್ಮನಾ? ಗುಂಡ ಅಂತ ಕರೆಯುದಾ?"

"ಮನೇಲಿ ಮಾತ್ರ ಅಜ್ಜಿ" ಎಂದ. ಕಿವಿ ಕೆಂಪಾಗಿತ್ತು.

"ನಿನ್ನ ಆಫೀಸಿನವರು ದಿನಾ ಬೆಳಿಗ್ಗೆ ನಿನ್ನಮ್ಮನಿಗೆ ಫೋನ್ ಮಾಡಿ ಇವನ ಹೆಸರೆಂತ ಅಂತ ಕೇಳಿ, ನಿನ್ನ ಮೇಜಿನ ಮೇಲೆ ಗುಂಡ ಅಂತ ಬೋರ್ಡು ಇಟ್ರೆ? ನೀನು ಅಳಿಸಿದಷ್ಟೂ ಅವರು ಮತ್ತೆ ಬರೆದ್ರೆ?"

ನಾನು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದೆ. ಸುಘೋಷ ಟೈ ಸಡಿಲ ಮಾಡಿಕೊಂಡ. ಆಮೇಲೆ ನನ್ನ ಪೆನ್ನು ತೆಗೆದುಕೊಂಡು ಏನೋ ಗೀಚಿಕೊಳ್ಳತೊಡಗಿದ. "ಒಂದು ಸಣ್ಣ ಚೌಕ ಇಟ್ರೆ ಆಯ್ತು" ಎಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಅದಕ್ಕೆ ಗುರುತು ಹಾಕಿದ್ರೆ, ಕೊಟ್ಟ ಹೆಸರನ್ನ ಮುಟ್ಟಬೇಡ ಅಂತ ಅರ್ಥ." ಇದನ್ನು ಮೊದಲೇ ಮಾಡಲು ಏನು ಧಾಡಿಯಾಗಿತ್ತು ಎಂದು ಕೇಳಬೇಕೆನಿಸಿತು. ಕೇಳಿದೆ ಕೂಡ. ಅವನು ಗೀಚುತ್ತಲೇ ಇದ್ದ.

ಹೊಸ ಸಾಫ್ಟ್‌ವೇರ್ ಬಂದದ್ದು ಸರಿಯಾಗಿ ಆಯುಧಪೂಜೆಯ ದಿನ. ಸುಘೋಷನೇ ಸೀಡಿ ಹಿಡಿದುಕೊಂಡು ಬಂದ, ಈ ಸಲ ಟೈ ಇರಲಿಲ್ಲ. ಆಫೀಸಿನಲ್ಲಿ ಬಾಳೆಕಂದು ಕಟ್ಟಿದ್ದೆವು. ಯಂತ್ರಗಳಿಗೆಲ್ಲ ಅರಿಸಿನ ಕುಂಕುಮ, ಗೊಂಡೆಹೂವು. ದೊಡ್ಡ ಕಂಪ್ಯೂಟರಿನ "ಪ್ರೇ" ಮೇಲೆ ಗಂಧದ ಬೊಟ್ಟು. ಗಾಳಿ ಹೋಗುವ ತೂತುಗಳಲ್ಲಿ ಅಕ್ಷತೆ ಹಾಕಬೇಡಿ ಎಂದು ನಾನು ಬೆಳಿಗ್ಗೆಯಿಂದ ಕೂಗುತ್ತಲೇ ಇದ್ದೆ, ಪೂಜೆಯನ್ನೂ ವಹಿಸಿಕೊಂಡಿದ್ದ ಅಡಿಗೆಭಟ್ಟರು ಹಾಕುತ್ತಲೇ ಇದ್ದರು. ಅವರಿಗೆ ಅವತ್ತು ಮಂಗಳಾರತಿಗಿಂತ ಸಾಂಬಾರಿನದ್ದೇ ಚಿಂತೆ. ಕೆಳಗೆ ಕುದಿಯುತ್ತಿದ್ದ ಸಾಂಬಾರನ್ನು ಇನ್ನೂ ಯಾರೂ ನೋಡಿರಲಿಲ್ಲ, ರಜೆಯ ದಿನವಾದ್ದರಿಂದ ಐದೂ ಶಾಖೆಗಳಲ್ಲಿ ಜನ ತುಂಬುವುದಿತ್ತು.

ಹೆಸರು ಹಾಕಿದೆ. ಚೌಕಕ್ಕೆ ಗುರುತು ಹಾಕಿದೆ. ಸುಘೋಷ ಎಲ್ಲರೆದುರು ಹಾಜರಿ ಕರೆಸಿದ. ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಉಳಿದ ಯಂತ್ರಗಳೆಲ್ಲ ಹೆಸರು ಹೇಳಿ ಮುಗಿಸಿದವು. ದೊಡ್ಡ ಯಂತ್ರದ ಕೆಳಗೆ "ಪ್ರೇಮಮ್ಮ" ಹಾಗೆಯೇ ಇತ್ತು. ಚಂದ್ರಮತಿ ಚಪ್ಪಾಳೆ ತಟ್ಟಿದರು. ವಿಷ್ಣುಮೂರ್ತಿ ನನ್ನ ಕೈಗೂ ಸುಘೋಷನ ಕೈಗೂ ಪುರಿ ಕಡಲೆ ಸುರಿದರು. "ಅಮ್ಮ, ಇನ್ನು ಯಾರೂ ಅಳಿಸ್ಲಿಕ್ಕೆ ಸಾಧ್ಯ ಇಲ್ಲ. ಬಾ, ಸಾಂಬಾರ್ ನೋಡು."

ಪ್ರೇಮಮ್ಮ ಏಳಲಿಲ್ಲ.

"ಅದರ ಹುಟ್ಟಿದ ಹೆಸರು ಎಲ್ಲಿಗೆ ಹೋಯ್ತು ಮಗಾ?" ಎಂದು ಸುಘೋಷನನ್ನು ಕೇಳಿದರು.

"ಎಲ್ಲೂ ಹೋಗಿಲ್ಲ ಅಜ್ಜಿ. ಒಳಗೇ ಇದೆ. ಕೇಳಿದ್ರೆ ಮಿಷನ್ ಈಗಲೂ ಅದನ್ನೇ ಹೇಳತ್ತೆ. ನಾವು ಕೇಳಿಸ್ಕೊಂಡು ಸುಮ್ಮನೆ ಇರ್ತೀವಿ, ಬರ್ಕೊಳ್ಳಲ್ಲ, ಅಷ್ಟೇ."

"ಎಷ್ಟು ವರ್ಷ ಆದ್ರೂ ಹೇಳ್ತದಾ?"

"ಕೇಳೋವರೆಗೂ ಹೇಳತ್ತೆ."

ಪ್ರೇಮಮ್ಮ ಗಿಂಡಿಯನ್ನು ಮಡಿಲಲ್ಲಿ ತಿರುಗಿಸುತ್ತ ಕೂತರು. ಕೆಳಗೆ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ.

"ನಾನು ಅಷ್ಟು ಹೇಳ್ಲಿಲ್ಲ" ಎಂದು ಮಗನ ಕಡೆ ತಿರುಗಿದರು. "ಮದುವೆಯ ದಿನ ಹರಿವಾಣದ ಅಕ್ಕಿಯಲ್ಲಿ ನಿನ್ನಪ್ಪ ಉಂಗುರದಲ್ಲಿ ಪ್ರೇಮ ಅಂತ ಹೊಸ ಹೆಸರು ಬರೆದ್ರು. ಒಂದು ನಾಲ್ಕು ತಿಂಗಳು ಯಾರಾದ್ರೂ ಕೇಳಿದ್ರೆ ನಾನು ನನ್ನ ಹೆಸರೇ ಹೇಳ್ತಿದ್ದೆ. ಅತ್ತೆ ಪ್ರತಿ ಸಲ ಅಲ್ಲ ಅಲ್ಲ, ಪ್ರೇಮ ಅಂತ ತಿದ್ದುತ್ತಿದ್ರು. ಆಮೇಲೆ ಕೇಳುವವರೇ ಇರ್ಲಿಲ್ಲ."

ವಿಷ್ಣುಮೂರ್ತಿಯವರ ಕೈಯ ಪುರಿ ನೆಲಕ್ಕೆ ಬಿತ್ತು. ಐವತ್ತೆಂಟು ವರ್ಷದ ಮನುಷ್ಯ. "ನಿನ್ನ ಹೆಸರು ಪ್ರೇಮ ಅಲ್ವಾ ಅಮ್ಮ?"

"ಜಲಜಾಕ್ಷಿ."

"ಅದು ನನ್ನ ಸೋದರತ್ತೆಯ ಹೆಸರು!"

"ಅದಕ್ಕೇ ಬದಲಾಯಿಸಿದ್ದು ಮಾರಾಯ. ಒಂದು ಮನೆಯಲ್ಲಿ ಎರಡು ಜಲಜಾಕ್ಷಿ ಆದ್ರೆ ಕರೆಯುವಾಗ ಗಡಿಬಿಡಿ ಆಗ್ತದೆ ಅಂತ. ಮರುವರ್ಷವೇ ಅತ್ತಿಗೆಗೆ ಮದುವೆಯಾಗಿ ಅವಳು ಹೋದಳು. ನನ್ನ ಹೆಸರು ವಾಪಸ್ ಕೊಡ್ಲಿಕ್ಕೆ ಯಾರಿಗೂ ನೆನಪಾಗ್ಲಿಲ್ಲ."

"ಎರಡಕ್ಕೆ ಒಂದೇ ಹೆಸರಾದ್ರೆ ನಮ್ಮ ಸಾಫ್ಟ್‌ವೇರ್‌ನಲ್ಲೂ..." ಎಂದು ಸುಘೋಷ ಬಾಯಿ ತೆರೆದ. ನಾನು ನೋಡಿದ ನೋಟಕ್ಕೆ ಮುಚ್ಚಿದ.

ಆಗ ನಾನು ಆ ಗಿಂಡಿಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಕೊರಳಿನ ಸುತ್ತ, ಬೆರಳು ತಾಗಿ ತಾಗಿ ಸವೆದ ಕನ್ನಡ ಅಕ್ಷರಗಳಲ್ಲಿ, ಜಲಜಾಕ್ಷಿ ಎಂದಿತ್ತು. ಆ ಅತ್ತಿಗೆ ತವರಲ್ಲಿ ಬಿಟ್ಟುಹೋದ ಗಿಂಡಿ. ಮನೆ ತುಂಬ ಸ್ಟೀಲು ಲೋಟಗಳಿರುವಾಗ ಇವರು ಯಾಕೆ ಈ ಹಳೇ ಹಿತ್ತಾಳೆಯನ್ನೇ ಹಿಡಿದು ಓಡಾಡುತ್ತಾರೆ ಎಂದು ನಾವೆಲ್ಲ ನಗುತ್ತಿದ್ದೆವು. ಸಿಟ್ಟಿನವಳು ಎಂದು ಹೆಸರಾದ ನನಗೆ ಅಲ್ಲಿ ಅಳುವುದು ನಾಚಿಕೆಯಾಯಿತು, ಆದರೂ ಅತ್ತುಬಿಟ್ಟೆ.

ವಿಷ್ಣುಮೂರ್ತಿ ತಾಯಿಗೆಂದು ನನ್ನ ಕುರ್ಚಿಯನ್ನು ಪರದೆಯ ಮುಂದೆ ಎಳೆದರು. ನಾನು "ಪ್ರೇಮಮ್ಮ" ಎಂಬುದನ್ನು ಅಳಿಸಿದೆ. ಒಂದೊಂದು ಅಕ್ಷರವನ್ನೂ ಪ್ರೇಮಮ್ಮನೇ ಬೆರಳಿನಿಂದ ಒತ್ತಿದರು, ಯಾವುದು ಎಲ್ಲಿದೆ ಎಂದು ನಾನು ತೋರಿಸಿದೆ. ಚೌಕದ ಗುರುತನ್ನೂ ಅವರೇ ಹಾಕಿದರು. ಸುಘೋಷ ಮತ್ತೆ ಹಾಜರಿ ಕರೆಸಿದ. ಹೆಸರು ಅಲುಗಲಿಲ್ಲ.

"ಅತ್ತೆ, ಡಬ್ಬಿಯ ಮೇಲೆ ಪ್ರೇ ಅಂತ ಉಂಟಲ್ಲ" ಎಂದು ಚಂದ್ರಮತಿ ಕಣ್ಣೊರೆಸಿಕೊಳ್ಳುತ್ತ ಮಿಷನ್ನಿಗೆ ಕೈ ಹಾಕಿದರು. "ಅದನ್ನು ಕೆರೆದು..."

"ಮಾಮೀ!" ಎಂದು ನಾನು ಚೀರಿದ್ದು ಕೆಳಗಿನ ಹೋಟೆಲಿಗೂ ಕೇಳಿಸಿತಂತೆ.

ಆ ಗದ್ದಲದಲ್ಲೇ ಫೋನು ಹೊಡೆದುಕೊಂಡಿತು. ಎತ್ತಿದೆ. ಕೋಯಂಬೇಡಿನಿಂದ ಹರಿದಾಸರು. ಹಿಂದೆ ಬಸ್ಸುಗಳ ಸದ್ದು, ಜನರ ಸದ್ದು.

"ಏನಮ್ಮಾ ರಂಜನಿ, ಸಾಂಬಾರ್ ವ್ಯಾನ್ ಇನ್ನೂ ಬಂದಿಲ್ಲ. ಅದಿರಲಿ, ಪರದೆ ಮೇಲೆ ಎಲ್ಲಾದಕ್ಕಿಂತ ಮೇಲೆ ಯಾರೋ ಬಂದು ಕೂತಿದಾರಲ್ಲ, ಜಲಜಾಕ್ಷಿ ಅಂತ. ಯಾರಮ್ಮಾ ಅದು? ಹೊಸಬರಾ?"

ನಾನು ಫೋನನ್ನು ಪ್ರೇಮಮ್ಮನ ಕೈಗೆ ಕೊಟ್ಟೆ. "ಜಲಜಾಕ್ಷಿ ಯಾರು ಅಂತ ಕೇಳ್ತಾ ಇದಾರೆ ಅಜ್ಜಿ."

ಅವರು ಒಂದು ಗಳಿಗೆ ಫೋನನ್ನೇ ನೋಡಿದರು. ಮಗನ ಮುಖ ನೋಡಿದರು. ಯಾರೂ ತಿದ್ದಲು ಬರಲಿಲ್ಲ.

"ನಾನು ಮಾರಾಯ" ಎಂದರು ಗಟ್ಟಿಯಾಗಿ. "ಜಲಜಾಕ್ಷಿ ಅಂದ್ರೆ ನಾನು. ಒಂದು ಹತ್ತು ನಿಮಿಷ ತಡಿ, ಸಾಂಬಾರ್ ನೋಡಿ ಕಳಿಸ್ತೇನೆ."